ಹಗ್ಗ ಕಟ್ಟಿದ ರಾತ್ರಿ: ‘ಮ್ಯಾನ್ ಆನ್ ವೈರ್’ ಸಾಕ್ಷ್ಯಚಿತ್ರವನ್ನು ಹತ್ತಿರದಿಂದ ನೋಡುವುದು

(ಸಾಕ್ಷ್ಯಚಿತ್ರ ಪ್ರದರ್ಶನದ ನಂತರ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಚಿತ್ರ ಮುಗಿದು ದೀಪ ಹೊತ್ತಿದೆ. ನಿಮ್ಮ ಕಣ್ಣಲ್ಲಿ ಇನ್ನೂ ನಿಂತಿರುವುದು ಒಂದೇ ಚಿತ್ರ ಇರಬಹುದು: ಕಪ್ಪು ಬಟ್ಟೆ ತೊಟ್ಟ ಒಬ್ಬ ಸಣಕಲು ಮನುಷ್ಯ, ಅವನ ಕೈಯಲ್ಲೊಂದು ಉದ್ದನೆಯ ಗಳ, ಕಾಲ ಕೆಳಗೊಂದು ಗೆರೆ. ಗೆರೆಯ ಕೆಳಗೆ ಏನೂ ಇಲ್ಲ. ಆ ಚಿತ್ರದ ಬಗ್ಗೆ ಮಾತಾಡುವುದು ಸುಲಭ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಗೆರೆಯ ಬಗ್ಗೆ. ಅದು ಅಲ್ಲಿಗೆ ಹೇಗೆ ಬಂತು? ಯಾರು ತಂದರು? ಎಷ್ಟು ಬಿಗಿಯಾಗಿತ್ತು? ಜೇಮ್ಸ್ ಮಾರ್ಷ್ ನಿರ್ದೇಶಿಸಿದ ಈ ಚಿತ್ರ ನಡಿಗೆಯ ಕಥೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಇದು ಹಗ್ಗ ಕಟ್ಟಿದವರ ಕಥೆ. ನಡಿಗೆ ನಡೆದದ್ದು ಸುಮಾರು 45 ನಿಮಿಷ. ಹಗ್ಗ ಕಟ್ಟಲು ಇಡೀ ರಾತ್ರಿ ಬೇಕಾಯಿತು, ಅದರ ಹಿಂದೆ ಆರು ವರ್ಷದ ಹಂಬಲವಿತ್ತು.

ಮೊದಲು ಇಷ್ಟನ್ನು ನೆನಪಿಟ್ಟುಕೊಳ್ಳಿ. 1974ರ ಆಗಸ್ಟ್ 7, ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳ ನಡುವೆ, ನೆಲದಿಂದ ಸುಮಾರು 1,350 ಅಡಿ ಎತ್ತರದಲ್ಲಿ, ಫಿಲಿಪ್ ಪೆತಿ ಎಂಬ ಫ್ರೆಂಚ್ ಯುವಕ ಹಗ್ಗದ ಮೇಲೆ ಕಾಲಿಟ್ಟ. 25 ತುಂಬಲು ಅವನಿಗೆ ಇನ್ನು ಆರು ದಿನ ಬಾಕಿ. ಎಂಟು ಸಲ ಆಚೆ ಈಚೆ ದಾಟಿದ. ನಡುವೆ ಮಂಡಿಯೂರಿದ, ಮಲಗಿದ. ಅನುಮತಿ ಇರಲಿಲ್ಲ, ಬಲೆ ಇರಲಿಲ್ಲ, ಸೊಂಟಕ್ಕೆ ಕಟ್ಟಿದ ಸುರಕ್ಷಾ ಹಗ್ಗವೂ ಇರಲಿಲ್ಲ. ಮರುದಿನವೇ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಘೋಷಿಸಿದರು. ಚಿತ್ರದ ಆರಂಭದಲ್ಲಿ ಟಿವಿಯಲ್ಲಿ ನಿಕ್ಸನ್ ಮುಖ ಕಾಣುವುದು ಅದಕ್ಕೇ. ಚಿತ್ರದ ಹೆಸರು ಬಂದದ್ದು ಪೊಲೀಸ್ ವರದಿಯಿಂದ. ದೂರಿನ ವಿವರದಲ್ಲಿ ಬರೆದುಕೊಂಡಿದ್ದ ಪದಗಳೇ ಅವು: ತಂತಿಯ ಮೇಲೆ ಮನುಷ್ಯ.

ಚಿತ್ರ 2008ರಲ್ಲಿ ಬಂತು. ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಎರಡೂ ಸಿಕ್ಕವು. ಮರುವರ್ಷ ಆಸ್ಕರ್ ಸಿಕ್ಕಿತು. ಪ್ರಶಸ್ತಿಗಳ ಮಾತು ಇಷ್ಟಕ್ಕೆ ಸಾಕು.

ಈಗ ತಾರಸಿಗೆ ಹೋಗೋಣ.

ಎರಡು ಗೋಪುರಗಳ ನಡುವಿನ ಅಂತರ ಸುಮಾರು 140 ಅಡಿ, ಅಂದರೆ 42 ಮೀಟರಿನಷ್ಟು. ಒಯ್ದ ಉಕ್ಕಿನ ಹಗ್ಗದ ತೂಕ ಸುಮಾರು 200 ಕೆಜಿ. ಹಗ್ಗ ಅಂತರಕ್ಕಿಂತ ಬಹಳ ಉದ್ದ ಇರಲೇಬೇಕು, ಏಕೆಂದರೆ ಎರಡೂ ತುದಿಗಳನ್ನು ತೊಲೆಗಳಿಗೆ ಸುತ್ತಿ ಕಟ್ಟಬೇಕು. ಇದನ್ನು ಒಂದು ಗೋಪುರದಿಂದ ಇನ್ನೊಂದಕ್ಕೆ ದಾಟಿಸುವುದು ಹೇಗೆ? ಎಸೆಯಲು ಆಗುವುದಿಲ್ಲ. ಕೆಳಗಿಳಿಸಿ ಆಚೆ ಮೇಲೆಳೆಯೋಣವೆಂದರೆ ಕೆಳಗೆ ಬೀದಿಯಿದೆ, ಕಾವಲಿದೆ. ಅವರು ಆರಿಸಿಕೊಂಡದ್ದು ಬಿಲ್ಲು ಬಾಣ. ಬಾಣಕ್ಕೆ ಕಟ್ಟಿದ್ದು ಮೀನು ಹಿಡಿಯುವ ನೈಲಾನ್ ದಾರ. ಬಾಣ ಹೊತ್ತೊಯ್ಯಬಲ್ಲದ್ದು ಅಷ್ಟೇ. ಸ್ವಲ್ಪ ದಪ್ಪ ದಾರ ಕಟ್ಟಿದರೂ ಅದರ ಭಾರಕ್ಕೆ, ಗಾಳಿಯ ಎಳೆತಕ್ಕೆ ಬಾಣ ಅರ್ಧ ದಾರಿಯಲ್ಲೇ ಬಾಗಿ ಬೀಳುತ್ತದೆ. ನೈಲಾನ್ ದಾರ ದಾಟಿದ ಮೇಲೆ ಅದರ ತುದಿಗೆ ಇನ್ನೊಂದು ಗಟ್ಟಿ ದಾರ, ಅದರ ತುದಿಗೆ ಹಗ್ಗ, ಹಗ್ಗದ ತುದಿಗೆ ಉಕ್ಕು. ಒಂದು ಇನ್ನೊಂದನ್ನು ಎಳೆದು ತರುತ್ತದೆ. ಕೆರೆಯ ಆಚೆ ದಡಕ್ಕೆ, ಆಳ ಕಣಿವೆಯ ಆಚೆ ಬದಿಗೆ ಹಗ್ಗ ದಾಟಿಸುವವರು ಎಲ್ಲ ಕಡೆಯೂ ಮಾಡುವುದು ಇದನ್ನೇ. ಇಲ್ಲಿ ಇದು ನಡೆದದ್ದು ಕತ್ತಲಲ್ಲಿ, ದೀಪ ಹಚ್ಚುವಂತಿಲ್ಲದ ಜಾಗದಲ್ಲಿ.

ಬಾಣ ಬಿಟ್ಟದ್ದು ಉತ್ತರ ಗೋಪುರದಲ್ಲಿದ್ದ ಪೆತಿಯ ಗೆಳೆಯ ಜಾನ್-ಲೂಯಿ ಬ್ಲಾಂದೋ. ಪೆತಿ ಮತ್ತು ತಂಡದ ಇನ್ನೊಬ್ಬ ಜಾನ್-ಫ್ರಾನ್ಸ್ವಾ ಹೆಕೆಲ್ ದಕ್ಷಿಣ ಗೋಪುರದಲ್ಲಿದ್ದರು. ಬಾಣ ಬಂದು ಬಿತ್ತು, ಆದರೆ ಎಲ್ಲಿ ಬಿತ್ತು? ಕಣ್ಣಿಗೆ ಕಾಣದ ದಾರವನ್ನು ಹುಡುಕಲು ಪೆತಿ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿದ. ತಾರಸಿಯ ಮೇಲೆ ಬರಿಮೈಯಲ್ಲಿ ಓಡಾಡುತ್ತಾ ಚರ್ಮಕ್ಕೆ ದಾರ ತಾಗುವುದನ್ನು ಕಾದ. ಇದನ್ನು ಕೇಳಿದ ಪ್ರೇಕ್ಷಕರು ನಗುತ್ತಾರೆ. ನಗುವಂಥದ್ದು ಏನೂ ಇಲ್ಲ ಎಂದು ನನಗೆ ಅನಿಸುತ್ತದೆ. ಕತ್ತಲಲ್ಲಿ ಸಣ್ಣ ನೈಲಾನ್ ಎಳೆಯನ್ನು ಕೈಯಿಂದ ತಡವಿದರೆ ಹತ್ತು ಬೆರಳಿನಷ್ಟೇ ಜಾಗ ಸಿಗುತ್ತದೆ. ಇಡೀ ಮೈಯಿಂದ ತಡವಿದರೆ ತೊಡೆ, ತೋಳು, ಬೆನ್ನು ಎಲ್ಲವೂ ಬೆರಳಾಗುತ್ತವೆ. ದಾರ ಸಿಕ್ಕಿತು. ಬಾಣ ತಾರಸಿಯ ಅಂಚಿನಲ್ಲಿ, ಇನ್ನೇನು ಕೆಳಗೆ ಬೀಳುವಂತಿತ್ತು.

ಇದಕ್ಕೂ ಮೊದಲಿನ ಕೆಲವು ಗಂಟೆಗಳನ್ನು ಚಿತ್ರ ಬಹಳ ಚೆನ್ನಾಗಿ ಹಿಡಿದಿದೆ. ಹಿಂದಿನ ಸಂಜೆ ಸಾಮಾನು ಹೊತ್ತ ಕೆಲಸಗಾರರ ವೇಷದಲ್ಲಿ, ನಕಲಿ ಗುರುತಿನ ಚೀಟಿ ಹಿಡಿದು ಒಳಹೊಕ್ಕರು. ಒಳಗಿನ ನೆರವು ಸಿಕ್ಕಿದ್ದು ದಕ್ಷಿಣ ಗೋಪುರದ 82ನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಬ್ಯಾರಿ ಗ್ರೀನ್‌ಹೌಸ್ ಅವರಿಂದ. ಪೆತಿಯ ತಂಡ ಸರಕಿನ ಲಿಫ್ಟ್‌ನಲ್ಲಿ 104ನೇ ಮಹಡಿಯವರೆಗೆ ಹೋಯಿತು. ಅಲ್ಲಿ ಕಾವಲುಗಾರ ಬಂದ. ಪೆತಿ ಮತ್ತು ಹೆಕೆಲ್ ಒಂದು ಟಾರ್ಪಾಲಿನ ಕೆಳಗೆ ನುಸುಳಿದರು. ಅವರು ಕುಳಿತಿದ್ದದ್ದು ನೆಲದ ಮೇಲಲ್ಲ, ಬಾಯ್ತೆರೆದ ಲಿಫ್ಟ್ ಗುಂಡಿಯ ಮೇಲೆ ಹಾದಿದ್ದ ಉಕ್ಕಿನ ತೊಲೆಯ ಮೇಲೆ. ಗಂಟೆಗಟ್ಟಲೆ ಹಾಗೇ, ಅಲುಗಾಡದೆ. ಬೆಳಿಗ್ಗೆ ಹಗ್ಗದ ಮೇಲೆ ಕಂಡ ಸಮಾಧಾನದ ಪಕ್ಕದಲ್ಲಿ ಈ ಕುಳಿತಿರುವಿಕೆಯನ್ನೂ ಇಟ್ಟು ನೋಡಿ. ಕಾಲು ಜೋಮು ಹಿಡಿಯುತ್ತದೆ, ಬೆನ್ನು ಸೆಟೆಯುತ್ತದೆ. ಆ ಕಾಲುಗಳಿಂದಲೇ ನಾಳೆ ನಡೆಯಬೇಕು.

ಇನ್ನು ಆ ರಾತ್ರಿಯ ದೊಡ್ಡ ಅನಾಹುತ. ಉಕ್ಕಿನ ಹಗ್ಗವನ್ನು ದಕ್ಷಿಣದಿಂದ ಉತ್ತರಕ್ಕೆ ಬಿಡುತ್ತಿದ್ದಾಗ ಅದು ಕೈತಪ್ಪಿ ವೇಗವಾಗಿ ಜಾರಿ, ಎರಡು ಗೋಪುರಗಳ ನಡುವೆ ದೊಡ್ಡ ಕುಣಿಕೆಯಂತೆ ಕೆಳಗಿಳಿದುಬಿಟ್ಟಿತು. ಹೀಗೇಕೆ ಆಗುತ್ತದೆ? ಹಗ್ಗದ ಸ್ವಲ್ಪ ಭಾಗವಷ್ಟೇ ಅಂಚಿನಾಚೆ ಇದ್ದಾಗ ಅದನ್ನು ಹಿಡಿದಿಡುವುದು ಸುಲಭ. ಮುಕ್ಕಾಲು ಇಂಚು ದಪ್ಪದ ಉಕ್ಕಿನ ಹಗ್ಗ ಮೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಹತ್ತು ಮೀಟರ್ ಹೊರಗೆ ಹೋದರೆ ಹದಿನೈದು ಕೆಜಿ ಎಳೆತ, ನಲವತ್ತು ಮೀಟರ್ ಹೋದರೆ ಅರವತ್ತು. ಬಿಡುತ್ತಾ ಹೋದಂತೆ ಎಳೆಯುವ ಭಾರ ಹೆಚ್ಚುತ್ತದೆ, ಹಿಡಿದವರ ಕೈ ಬಲ ಕಡಿಮೆಯಾಗುತ್ತದೆ. ಕೈಬಲವನ್ನು ಭಾರ ಮೀರಿದ ಕ್ಷಣ ಹಗ್ಗ ತಾನೇ ಓಡಲು ಶುರುಮಾಡುತ್ತದೆ, ಆಮೇಲೆ ಕೈಗವಸು ಹಾಕಿದವರೂ ಅದನ್ನು ಹಿಡಿಯಲಾರರು. ಇದಕ್ಕೆ ಮದ್ದು ಒಂದೇ. ಹಗ್ಗವನ್ನು ಮೊದಲೇ ಒಂದು ಕಂಬಕ್ಕೋ ತೊಲೆಗೋ ಎರಡು ಮೂರು ಸುತ್ತು ಹಾಕಿ, ಆ ಸುತ್ತಿನ ಉಜ್ಜುವಿಕೆಯಲ್ಲಿ ತಡೆದು ತಡೆದು ಬಿಡಬೇಕು. ಬಾವಿಗೆ ಭಾರದ ಪಂಪು ಇಳಿಸುವಾಗ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಡುವುದು ಇದೇ ಕಾರಣಕ್ಕೆ.

ಜಾರಿದ ಹಗ್ಗವನ್ನು ಮತ್ತೆ ಮೇಲೆತ್ತಬೇಕಾಗಿ ಬಂದದ್ದು ಉತ್ತರದ ಬ್ಲಾಂದೋಗೆ. ಗಂಟೆಗಟ್ಟಲೆ ಎಳೆದ. ಜೊತೆಗಿದ್ದವನು ಕೈಚೆಲ್ಲಿದ ಮೇಲೂ ಎಳೆದ. ಚಿತ್ರದಲ್ಲಿ ಈ ಭಾಗವನ್ನು ಅವನು ಹೇಳುವಾಗ ಧ್ವನಿಯಲ್ಲಿ ಹೆಮ್ಮೆ ಇಲ್ಲ, ಆಯಾಸ ಮಾತ್ರ ಇದೆ. ಮೂವತ್ತು ವರ್ಷ ಕಳೆದರೂ ಆ ಆಯಾಸ ಹೋಗಿಲ್ಲ.

ಹಗ್ಗ ಮೇಲೆ ಬಂದರೆ ಮುಗಿಯಲಿಲ್ಲ. ಮೇಲೆ ಬರುವುದು ಬೇರೆ, ಬಿಗಿಯಾಗುವುದು ಬೇರೆ. ಇದಕ್ಕೊಂದು ಸರಳ ಲೆಕ್ಕವಿದೆ. ಎರಡು ತುದಿ ಕಟ್ಟಿದ ಹಗ್ಗದ ಎಳೆತ ಸುಮಾರಾಗಿ ಹೀಗಿರುತ್ತದೆ: ಮೀಟರಿನ ತೂಕವನ್ನು ಅಂತರದ ವರ್ಗದಿಂದ ಗುಣಿಸಿ, ಜೋಲಿನ, ಅಂದರೆ ಹಗ್ಗ ನಡುವೆ ಜೋತುಬಿದ್ದ ಆಳದ, ಎಂಟರಷ್ಟರಿಂದ ಭಾಗಿಸಿ. 42 ಮೀಟರ್ ಅಂತರಕ್ಕೆ, ಮೀಟರಿಗೆ ಒಂದೂವರೆ ಕೆಜಿಯ ಹಗ್ಗ ನಡುವೆ ಹತ್ತು ಮೀಟರ್ ಜೋತುಬಿದ್ದಿದ್ದರೆ ಎಳೆತ ಸುಮಾರು 33 ಕೆಜಿ. ಒಬ್ಬ ಮನುಷ್ಯ ಎಳೆಯಬಹುದು. ಜೋಲು ಒಂದು ಮೀಟರಿಗೆ ಇಳಿಯಬೇಕಾದರೆ 330 ಕೆಜಿ ಬೇಕು. ಹತ್ತು ಸೆಂಟಿಮೀಟರಿಗೆ ಇಳಿಯಬೇಕಾದರೆ 3,300 ಕೆಜಿ. ಜೋಲು ಹತ್ತನೇ ಒಂದಾದರೆ ಎಳೆತ ಹತ್ತು ಪಟ್ಟು. ಹಾಗಾಗಿ ಕೈಯಿಂದ ಎಳೆದು ಮುಗಿಸುವ ಮಾತೇ ಇಲ್ಲ. ಸನ್ನೆ ಹಾಕಿ ಇಂಚಿಂಚಾಗಿ ಎಳೆಯುವ ಕೈವಿಂಚು ಬೇಕು, ಎಳೆದದ್ದು ಜಾರದಂತೆ ಹಿಡಿಯುವ ಕ್ಲಾಂಪು ಬೇಕು. ಹಗ್ಗ ಹಾಯುವ ಅಂಚಿಗೆ ಮೆತ್ತೆ ಕೊಡಬೇಕು, ಇಲ್ಲದಿದ್ದರೆ ಚೂಪಾದ ಮೂಲೆಗೆ ಉಜ್ಜಿ ಉಕ್ಕಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ನಡೆಯುವವನು ಹಗ್ಗದ ನಡುವೆ ಬಂದಾಗ ಏನಾಗುತ್ತದೆ? ಮನುಷ್ಯ 70 ಕೆಜಿ, ಗಳ 25 ಕೆಜಿ ಎಂದಿಟ್ಟುಕೊಳ್ಳಿ. ಅದೇ 3,300 ಕೆಜಿ ಎಳೆತದಲ್ಲಿ ನಡುಭಾಗ ಸುಮಾರು ಮೂವತ್ತು ಸೆಂಟಿಮೀಟರ್ ತಗ್ಗುತ್ತದೆ. ಅಂದರೆ ಹೊರಡುವಾಗ ಇಳಿಜಾರು, ತಲುಪುವಾಗ ಏರು. ಕೊನೆಯ ಕೆಲವು ಹೆಜ್ಜೆಗಳಲ್ಲಿ ಏರು ಹೆಚ್ಚು. ದಡ ಹತ್ತಿರ ಬಂತೆಂಬ ನಿರಾಳದಲ್ಲಿ ಮೈ ಸಡಿಲವಾಗುವುದೂ ಅಲ್ಲೇ.

ಇನ್ನೊಂದು ಅಪಾಯವನ್ನು ಚಿತ್ರ ಒಂದೆರಡು ಮಾತಿನಲ್ಲಿ ದಾಟಿಸುತ್ತದೆ, ನಾನು ಸ್ವಲ್ಪ ನಿಲ್ಲುತ್ತೇನೆ. ಎತ್ತರದ ಕಟ್ಟಡಗಳು ಗಾಳಿಗೆ ತೂಗುತ್ತವೆ, ತೂಗುವಂತೆಯೇ ಕಟ್ಟಿರುತ್ತಾರೆ. ಎರಡು ಗೋಪುರಗಳು ಒಂದೇ ತಾಳದಲ್ಲಿ ತೂಗಬೇಕೆಂದಿಲ್ಲ. ಬಿಗಿದ ಉಕ್ಕಿನ ಹಗ್ಗ ಬಹಳ ಕಡಿಮೆ ಹಿಗ್ಗುತ್ತದೆ, ಆದ್ದರಿಂದ ತಾರಸಿಗಳು ಒಂದೇ ಒಂದು ಸೆಂಟಿಮೀಟರ್ ದೂರ ಸರಿದರೂ ಎಳೆತ ಕೆಲವು ನೂರು ಕೆಜಿಯಷ್ಟು ಏರಬಹುದು. ಹತ್ತಿರ ಬಂದರೆ ಅಷ್ಟೇ ಇಳಿಯುತ್ತದೆ. ಕಾಲಡಿಯ ಹಗ್ಗ ಉಸಿರಾಡುತ್ತಿರುವಂತೆ ಅನ್ನಿಸುವುದು ಇದಕ್ಕೇ. ಗಾಳಿ ಜೋರಿರುವ ದಿನ ಹಗ್ಗ ಹರಿಯದಿದ್ದರೂ ಅದನ್ನು ಕಟ್ಟಿದ ಜಾಗ ಬಿಟ್ಟುಕೊಡಬಹುದು.

ಹಗ್ಗಕ್ಕೆ ಮೂರು ಚಲನೆ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಮತ್ತು ತನ್ನ ಸುತ್ತ ತಾನೇ ಹೊರಳುವುದು. ಮೂರನೆಯದೇ ಕೆಟ್ಟದ್ದು. ಉಕ್ಕಿನ ಹಗ್ಗ ಎಳೆಗಳನ್ನು ಹುರಿಗೊಳಿಸಿ ಮಾಡಿದ್ದು. ಎಳೆತ ಬಿದ್ದಾಗ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಅಂಗಾಲಿನ ಕೆಳಗೆ ಮೆಲ್ಲಗೆ ಉರುಳುತ್ತದೆ. ಇದನ್ನೆಲ್ಲ ಹಿಡಿದಿಡಲು ಮುಖ್ಯ ಹಗ್ಗಕ್ಕೆ ಅಡ್ಡಲಾಗಿ ಬಿಗಿಹಗ್ಗಗಳನ್ನು ಕಟ್ಟುತ್ತಾರೆ. ಈ ಕಸುಬಿನವರು ಅದಕ್ಕೆ ಕವಲ್ಲೆತ್ತಿ ಎನ್ನುತ್ತಾರೆ. ಮೈದಾನದಲ್ಲಾದರೆ ಎರಡೂ ಬದಿಗೆ ಓರೆಯಾಗಿ ಎಳೆದು ನೆಲದ ಗೂಟಕ್ಕೆ ಕಟ್ಟಿದರಾಯಿತು, ಡೇರೆಯ ಹಗ್ಗದ ಹಾಗೆ. 1,350 ಅಡಿ ಮೇಲೆ ನೆಲ ಎಲ್ಲಿದೆ? ಅವುಗಳನ್ನೂ ತಾರಸಿಗಳಿಗೇ ಹಿಂದಕ್ಕೆಳೆದು ಕಟ್ಟಬೇಕು. ಕೋನ ಚಪ್ಪಟೆಯಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಪೆತಿ ಮತ್ತು ಬ್ಲಾಂದೋ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡ ಸಮಸ್ಯೆಗಳಲ್ಲಿ ಇದೂ ಒಂದು. ಫ್ರಾನ್ಸಿನ ಹುಲ್ಲುಗಾವಲಿನಲ್ಲಿ ತೆಗೆದ ಬಣ್ಣದ ಹಳೆಯ ರೀಲಿನಲ್ಲಿ ಗೆಳೆಯರೆಲ್ಲ ಹಗ್ಗ ಹಿಡಿದು ಜಗ್ಗುವುದು, ಅದರ ಮೇಲೆ ಕುಣಿಯುವುದು ಕಾಣುತ್ತದಲ್ಲ, ಅದು ಆಟದಂತೆ ಕಂಡರೂ ಪರೀಕ್ಷೆ. ಗಾಳಿ ಮಾಡಬಹುದಾದದ್ದನ್ನು ಕೈಗಳಿಂದ ಮಾಡಿ ನೋಡುತ್ತಿದ್ದಾರೆ.

ಗಳದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 26 ಅಡಿ ಉದ್ದ, ಸುಮಾರು 25 ಕೆಜಿ. ಇಷ್ಟು ಭಾರವನ್ನು ಯಾಕೆ ಹೊರಬೇಕು? ನಮ್ಮ ಊರುಗಳ ದೊಂಬರಾಟದಲ್ಲಿ ಬಿದಿರ ಗಳ ಹಿಡಿದು ಹಗ್ಗದ ಮೇಲೆ ನಡೆಯುವ ಹುಡುಗಿಯನ್ನು ನೋಡಿದವರಿಗೆ ಉತ್ತರ ಅರ್ಧ ಗೊತ್ತು. ಗಳದ ಭಾರ ತುದಿಗಳಲ್ಲಿ ದೂರ ಹರಡಿರುವುದರಿಂದ ಅದು ತಿರುಗಲು ಒಲ್ಲೆ ಎನ್ನುತ್ತದೆ. ಲೆಕ್ಕ ಹಾಕಿದರೆ, ಅಂಗಾಲಿನ ಸುತ್ತ ವಾಲಲು 70 ಕೆಜಿಯ ದೇಹ ತೋರುವ ಪ್ರತಿರೋಧಕ್ಕಿಂತ ಗಳ ಹಿಡಿದ ದೇಹದ ಪ್ರತಿರೋಧ ಸುಮಾರು ಮೂರು ಪಟ್ಟು. ಇದರಿಂದ ವಾಲುವುದು ನಿಧಾನವಾಗುತ್ತದೆ, ಬೀಳಲು ಹಿಡಿಯುವ ಹೊತ್ತು ಸುಮಾರು ಒಂದೂವರೆ ಪಟ್ಟಾಗುತ್ತದೆ. ಒಂದು ಸೆಕೆಂಡಿನ ಮೂರನೇ ಒಂದು ಭಾಗ ಇದ್ದದ್ದು ಅರ್ಧ ಸೆಕೆಂಡಾದರೆ ಅದೇ ದೊಡ್ಡದು; ಅಷ್ಟರಲ್ಲಿ ಕಣ್ಣು, ಕಿವಿ, ಅಂಗಾಲು ಸುದ್ದಿ ಕೊಟ್ಟು ತೋಳು ತಿದ್ದಿಕೊಳ್ಳುತ್ತದೆ. ತುದಿಗಳು ತುಸು ಕೆಳಗೆ ಬಾಗಿದ್ದರೆ ಭಾರದ ಕೇಂದ್ರವೂ ಕೊಂಚ ಇಳಿಯುತ್ತದೆ, ಅದೂ ಒಳ್ಳೆಯದು. ಇನ್ನು ತಿದ್ದುವ ಬಗೆ. ಎಡಕ್ಕೆ ವಾಲುತ್ತಿದ್ದರೆ ಗಳದ ಯಾವ ತುದಿಯನ್ನು ಒತ್ತಬೇಕು? ಹೊಸಬರು ಬಲ ಎನ್ನುತ್ತಾರೆ. ಸರಿಯಾದದ್ದು ಎಡ. ಗಳವನ್ನು ಎಡಕ್ಕೆ ತಿರುಗಿಸಿದರೆ ಅದರ ಪ್ರತಿಬಲ ದೇಹವನ್ನು ಬಲಕ್ಕೆ ತಳ್ಳುತ್ತದೆ. ಬೀಳುವ ಕಡೆಗೇ ಗಳ ಬಗ್ಗಬೇಕು ಎಂಬುದು ಮೈಗೆ ಒಗ್ಗಲು ವರ್ಷಗಳೇ ಬೇಕು, ಏಕೆಂದರೆ ಹುಟ್ಟಿದಾಗಿನಿಂದ ಮೈ ಕಲಿತಿರುವುದು ಉಲ್ಟಾ.

ಅಂಗಾಲನ್ನು ಗಮನಿಸಿದಿರಾ? ಹಗ್ಗ ಹೆಬ್ಬೆರಳು ಮತ್ತು ಪಕ್ಕದ ಬೆರಳ ನಡುವಿನಿಂದ ಹೊರಟು ಪಾದದ ನಡುವೆ ಹಾದು ಹಿಮ್ಮಡಿಗೆ ಸೇರುತ್ತದೆ. ತೆಳು ಅಟ್ಟೆಯ ಮೆತ್ತನೆ ಪಾದರಕ್ಷೆ ಬೇಕು, ಹುರಿಯ ಏರಿಳಿತ ಚರ್ಮಕ್ಕೆ ತಿಳಿಯುವಷ್ಟು. ಹೊಸ ಉಕ್ಕಿನ ಹಗ್ಗಕ್ಕೆ ಗ್ರೀಸು ಬಳಿದಿರುತ್ತದೆ. ಅದನ್ನು ಒರೆಸಿ ತೊಳೆದು ತೆಗೆಯದಿದ್ದರೆ ಮಿಕ್ಕ ಸಿದ್ಧತೆಯೆಲ್ಲ ವ್ಯರ್ಥ.

ಈಗ ಚಿತ್ರದ ರಚನೆಗೆ ಬರುತ್ತೇನೆ. ಮಾರ್ಷ್ ಇದನ್ನು ಬ್ಯಾಂಕ್ ದರೋಡೆಯ ಸಿನಿಮಾದಂತೆ ಕಟ್ಟಿದ್ದಾರೆ. ಆಗಸ್ಟ್ 6ರ ರಾತ್ರಿ ಮುಖ್ಯ ಎಳೆ. ಅದನ್ನು ಒಂದು ಉಸಿರುಗಟ್ಟುವ ಜಾಗದಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗುತ್ತಾರೆ: 1968ರಲ್ಲಿ ಹಲ್ಲಿನ ಡಾಕ್ಟರ ಬಳಿ ಕಾಯುತ್ತಿದ್ದ ಹುಡುಗ, ಇನ್ನೂ ಕಟ್ಟದ ಗೋಪುರಗಳ ಚಿತ್ರವಿದ್ದ ಹಾಳೆಯನ್ನು ಸೀನಿದಂತೆ ಮಾಡಿ ಆ ಸದ್ದಿನಲ್ಲಿ ಹರಿದುಕೊಂಡದ್ದು, 1971ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಗೋಪುರಗಳ ನಡುವೆ, ಒಳಗೆ ಪಾದ್ರಿಗಳ ದೀಕ್ಷೆ ನಡೆಯುತ್ತಿರುವಾಗ, ಹೊರಗೆ ನಡೆದದ್ದು, 1973ರಲ್ಲಿ ಸಿಡ್ನಿ ಹಾರ್ಬರ್ ಸೇತುವೆ. ಪ್ರತಿ ಸಲ ಹಿಂದಕ್ಕೆ ಹೋಗಿ ಬಂದಾಗಲೂ ನಮಗೆ ಒಂದು ಕೌಶಲ ತಿಳಿದಿರುತ್ತದೆ, ಅದು ತಾರಸಿಯ ಮೇಲೆ ಉಪಯೋಗಕ್ಕೆ ಬರುತ್ತದೆ. ನನಗೆ ಬಹಳ ಇಷ್ಟವಾದದ್ದು ಊರುಗೋಲಿನ ಪ್ರಸಂಗ. ತಯಾರಿಯ ದಿನಗಳಲ್ಲಿ ಪೆತಿ ಮೊಳೆ ತುಳಿದು ಊರುಗೋಲು ಹಿಡಿದ. ಆಗ ಗೊತ್ತಾಯಿತು, ಊರುಗೋಲು ಹಿಡಿದವನಿಗೆ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ, ಬಾಗಿಲನ್ನೇ ತೆರೆದು ಹಿಡಿಯುತ್ತಾರೆ.

ನೀವು ನೋಡಿದ್ದರಲ್ಲಿ ಯಾವುದು ನಿಜವಾದ ಹಳೆಯ ರೀಲು, ಯಾವುದು ಮರುಸೃಷ್ಟಿ ಎಂಬ ಗೊಂದಲ ಕೆಲವರಿಗೆ ಬಂದಿರಬಹುದು. ಹುಲ್ಲುಗಾವಲು, ಗೆಳೆಯರು, ಬಿಸಿಲು, ಅಲುಗುವ ಕ್ಯಾಮೆರಾ: ಅದು ಆ ಕಾಲದ್ದೇ. ಕಪ್ಪು-ಬಿಳುಪಿನಲ್ಲಿ, ನೆರಳು ಹೆಚ್ಚಾಗಿ ಮುಖ ಕಡಿಮೆಯಾಗಿ ಕಾಣುವ ರಾತ್ರಿ ದೃಶ್ಯಗಳು ನಟರದ್ದು. ನಿರ್ದೇಶಕರು ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಟಾರ್ಪಾಲಿನ ಕೆಳಗಿನ ಗಂಟೆಗಳಿಗೆ ಮರುಸೃಷ್ಟಿ ಬೇಕೇ ಬೇಕು, ಬೇರೆ ದಾರಿಯಿಲ್ಲ. ಆದರೆ ಕೆಲವು ಕಡೆ ಹೇಳುವವರ ಮುಖವೊಂದೇ ಸಾಕಾಗಿತ್ತು.

ನಡಿಗೆಯ ಭಾಗದಲ್ಲಿ ಮಾತ್ರ ಅವರು ಎಳ್ಳಷ್ಟೂ ತಪ್ಪಿಲ್ಲ. ತಾರಸಿಯಿಂದ ನಡಿಗೆಯನ್ನು ಹಿಡಿದ ಚಲಿಸುವ ಚಿತ್ರ ಇಲ್ಲ. ಸಿನಿಮಾ ಕ್ಯಾಮೆರಾ ಒಯ್ದಿದ್ದರು, ಆದರೆ ರಾತ್ರಿಯಿಡೀ ಹಗ್ಗ ಎಳೆದ ಕೈಗಳಿಗೆ ಅದನ್ನು ಹಿಡಿಯುವ ಹೊತ್ತೂ ಶಕ್ತಿಯೂ ಉಳಿದಿರಲಿಲ್ಲ. ಬ್ಲಾಂದೋ ತೆಗೆದ ಸ್ತಬ್ಧಚಿತ್ರಗಳು ಉಳಿದವು. ನಟನನ್ನು ಹಾಕಿ, ಕಂಪ್ಯೂಟರಿನಲ್ಲಿ ಗೋಪುರ ಎಬ್ಬಿಸಿ ಆ ನಡಿಗೆಯನ್ನು ಕಟ್ಟಬಹುದಿತ್ತು. ಮಾರ್ಷ್ ಆ ಕೆಲಸ ಮಾಡದೆ ಒಂದೊಂದೇ ಫೋಟೋ ಇಟ್ಟರು, ಜೊತೆಗೆ ಎರಿಕ್ ಸಾತಿಯ ಪಿಯಾನೊ. ಅದುವರೆಗೆ ಮೈಕೆಲ್ ನೈಮನ್‌ರ ಸಂಗೀತದ ಓಟದಲ್ಲಿ ಓಡುತ್ತಿದ್ದ ಚಿತ್ರ ಅಲ್ಲಿ ನಿಂತುಬಿಡುತ್ತದೆ. ಒಂದು ಕಾಲು ಕಟ್ಟಡದ ಮೇಲೆ, ಒಂದು ಕಾಲು ಹಗ್ಗದ ಮೇಲೆ. ಭಾರ ಇನ್ನೂ ಕಟ್ಟಡದ ಕಾಲಿನ ಮೇಲಿದೆ. ಆ ಭಾರ ಈ ಕಾಲಿಂದ ಆ ಕಾಲಿಗೆ ಸರಿಯುವುದನ್ನು ಯಾವ ಫೋಟೋವೂ ತೋರಿಸಲಾರದು, ಆದರೆ ಎರಡು ಫೋಟೋಗಳ ನಡುವೆ ಅದು ಆಗಿಬಿಟ್ಟಿರುತ್ತದೆ.

2001ರಲ್ಲಿ ಆ ಗೋಪುರಗಳಿಗೆ ಏನಾಯಿತೆಂದು ಚಿತ್ರ ಒಂದು ಮಾತನ್ನೂ ಆಡುವುದಿಲ್ಲ. ಇದು ಸರಿಯಾದ ನಿರ್ಧಾರ. ನೋಡುವ ಪ್ರತಿಯೊಬ್ಬರಿಗೂ ಅದು ಗೊತ್ತಿದೆ. ಉಕ್ಕಿನ ತೊಲೆಗಳು ಮೇಲೇರುವ, ಅಡಿಪಾಯದ ಗುಂಡಿಯ ಹಳೆಯ ದೃಶ್ಯಗಳು ಬಂದಾಗ ಸಭಾಂಗಣದಲ್ಲಿ ಉಂಟಾಗುವ ಮೌನವನ್ನು ಮಾತು ಕೆಡಿಸುತ್ತಿತ್ತು.

ಮಳೆ ಹನಿಯತೊಡಗಿತು, ಪೊಲೀಸರು ಹೆಲಿಕಾಪ್ಟರಿನ ಮಾತೆತ್ತಿದರು, ಪೆತಿ ತಾರಸಿಗೆ ಬಂದ. ಕೈಕೋಳ ಬಿತ್ತು. ಅವನನ್ನು ಹಿಡಿಯಲು ಹೋಗಿದ್ದ ಅಧಿಕಾರಿ ಚಾರ್ಲ್ಸ್ ಡೇನಿಯಲ್ಸ್ ಪತ್ರಕರ್ತರ ಮುಂದೆ, ಇವನನ್ನು ನಡೆಯುವವನು ಎನ್ನಲಾಗದು, ನರ್ತಕ ಎನ್ನಬೇಕು ಎಂಬರ್ಥದ ಮಾತಾಡಿದರು. ಮೊಕದ್ದಮೆ ಕೈಬಿಟ್ಟರು; ಬದಲಿಗೆ ಸೆಂಟ್ರಲ್ ಪಾರ್ಕಿನಲ್ಲಿ ಮಕ್ಕಳಿಗಾಗಿ ಪುಕ್ಕಟೆ ಹಗ್ಗದ ಪ್ರದರ್ಶನ ಕೊಡಬೇಕಾಯಿತು.

ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲ. ಆನಿ ಅಲಿಕ್ಸ್, ವರ್ಷಗಳ ಕಾಲ ಅವನ ಜೊತೆಗಿದ್ದವಳು, ಕೆಳಗೆ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದವಳು, ಆ ಬೆಳಗಿನ ನಂತರ ಇಬ್ಬರ ದಾರಿ ಬೇರೆಯಾದದ್ದನ್ನು ಶಾಂತವಾಗಿ ಹೇಳುತ್ತಾಳೆ. ಬ್ಲಾಂದೋ ಮಾತಾಡುತ್ತಾ ಗಂಟಲು ಕಟ್ಟಿ ನಿಲ್ಲಿಸುತ್ತಾನೆ, ಅಳುತ್ತಾನೆ. ಬಾಣ ಬಿಟ್ಟವನು ಅವನು, ಜಾರಿದ ಹಗ್ಗವನ್ನು ಕತ್ತಲಲ್ಲಿ ಮೇಲೆಳೆದವನು ಅವನು, ಬೆಳಗಾದ ಮೇಲೆ ಅದೇ ಕೈಯಲ್ಲಿ ಕ್ಯಾಮೆರಾ ಹಿಡಿದು, ನಮಗೆ ಉಳಿದಿರುವ ಆ ಫೋಟೋಗಳನ್ನು ತೆಗೆದವನೂ ಅವನೇ.